ನೀಲಗಂಗವ್ವನ ಸ್ಟೇರಿಂಗ್ ಆಯಿಲ್

ಗಾಡಿ ಕೊಡುವುದಿಲ್ಲ ಎಂದವರ ಹೆಸರು ಬರೆಯಲು ಕುಳಿತರೆ ಅರ್ಧ ಬೆಳ್ಳಟ್ಟಿಯನ್ನೇ ಬರೆಯಬೇಕಾಗುತ್ತದೆ. ಒಬ್ಬನ ಗಾಡಿಯ ಪಾಸಿಂಗ್ ಮುಗಿದಿತ್ತು. ಇನ್ನೊಬ್ಬನ ಮನೆಗೆ ಹೆಣ್ಣು ನೋಡಲು ಬರುವವರಿದ್ದರು. ಮೂರನೆಯವನು ಕ್ರಷರ್ ಮಾಲೀಕ ನಮ್ಮ ಬೀಗರ ಪೈಕಿ ಎಂದು ಮುಖಕ್ಕೆ ಹೇಳಿ ಬಾಗಿಲು ಹಾಕಿಕೊಂಡ. ಇದ್ದುದರಲ್ಲಿ ಅವನದೇ ಪ್ರಾಮಾಣಿಕ ಉತ್ತರ. ಬರುತ್ತೇನೆ ಎಂದವಳು ನೀಲಗಂಗವ್ವ ಒಬ್ಬಳೇ.

ಆಗಬೇಕಾದ ಕೆಲಸ ಇಷ್ಟೆ. ಊರ ಪಕ್ಕದ ಗುಡ್ಡದಲ್ಲಿ ಕಲ್ಲಿನ ಕ್ರಷರ್ ಹಾಕಲು ಒಬ್ಬ ಅರ್ಜಿ ಕೊಟ್ಟಿದ್ದ. ತಕರಾರು ಇದ್ದವರು ಇಂಥ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗದಗಿನ ಕಚೇರಿಗೆ ಖುದ್ದಾಗಿ ಬಂದು ಹೇಳಬೇಕು, ಬಾರದಿದ್ದರೆ ತಕರಾರಿಲ್ಲವೆಂದು ಭಾವಿಸಲಾಗುವುದು ಎಂದು ನೋಟಿಸು ಹಚ್ಚಿದ್ದರು. ಭಾವಿಸಲಾಗುವುದು ಅಂದರೆ ಮುಗಿಯಿತು ಅಂತಲೇ ಅರ್ಥ. ಗುಡ್ಡಕ್ಕೆ ಬದುವಿಗೆ ಬದು ಹೊಂದಿದ ಹೊಲ ನೀಲಗಂಗವ್ವನ ಅತ್ತೆ ರೇಣುಕವ್ವನದು. ಉತಾರವೂ, ಅಂದರೆ ಪಹಣಿ, ಅವಳ ಹೆಸರಿನಲ್ಲೇ ಇದೆ. ಅವಳು ಬಾಯಿ ಬಿಡದಿದ್ದರೆ ಉಳಿದವರು ಎಷ್ಟು ಕೂಗಿದರೂ ಗಾಳಿಗೆ ಹೋಗುವ ಮಾತು. ಆದರೆ ರೇಣುಕವ್ವ ಒಬ್ಬಳೇ ಸಾಹೇಬರ ಮುಂದೆ ನಿಲ್ಲುವ ಹೆಣ್ಣಲ್ಲ. ಓಣಿಯ ಹೆಂಗಸರೆಲ್ಲ ಬಂದರೆ ಮಾತ್ರ ಬರುತ್ತೇನೆ ಎಂದಿದ್ದಳು. ಅದೇ ದಿನ ಸರಕಾರಿ ಬಸ್ಸಿನವರ ಮುಷ್ಕರ. ಮುಷ್ಕರ ಅವರ ಹಕ್ಕು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆ ದಿನ ಮಾತ್ರ ಹೊಟ್ಟೆಯೊಳಗೇ ಬೈದುಕೊಂಡೆ.

ನೀಲಗಂಗವ್ವ ಮುಂಡರಗಿ ಕಡೆಯ ಹೆಣ್ಣು. ತವರಿನಲ್ಲಿ ಟ್ರ್ಯಾಕ್ಟರ್ ಹೊಡೆದು ಬೆಳೆದವಳು. ಗಂಡ ಚನ್ನಬಸವಣ್ಣ ಲಕ್ಷ್ಮೇಶ್ವರ, ಗದಗ ಎಂದು ಬಾಡಿಗೆಯ ಕ್ರೂಸರ್ ಜೀಪು ಓಡಿಸುತ್ತಿದ್ದ. ಅವನ ಬೆನ್ನಿನ ಡಿಸ್ಕ್ ಸರಿದು, ಅರ್ಧ ತಾಸು ಕೂತರೆ ಕಾಲು ಮರಗಟ್ಟತೊಡಗಿದಾಗ ಗಾಡಿ ಮಾರುವ ಮಾತು ಬಂತು. ಮಾರಿ ಏನು ತಿನ್ನುತ್ತೀರಿ, ಗಾಲಿಯೇ ಎಂದು ಕೇಳಿ ಇವಳು ಕೀಲಿ ಇಸಿದುಕೊಂಡಳು. ಮೊದಮೊದಲು ಗಂಡಸರು ಹತ್ತುತ್ತಿರಲಿಲ್ಲ. ಹತ್ತಿದವನೊಬ್ಬ ಗೇರು ಹಾಕಲು ಬರುತ್ತದೇನವ್ವ ಎಂದು ಕೇಳಿದ್ದಕ್ಕೆ, ನನಗೆ ಬರುತ್ತದೆ, ನಿಮಗೆ ಸುಮ್ಮನೆ ಕೂರಲು ಬರುತ್ತದೋ ನೋಡಿಕೊಳ್ಳಿ ಎಂದಿದ್ದಳಂತೆ. ಆಮೇಲೆ ಅದೇ ಮನುಷ್ಯ ತನ್ನ ಮಗಳನ್ನು ಹೆರಿಗೆಗೆ ಅದೇ ಗಾಡಿಯಲ್ಲಿ ಕಳಿಸಿದ. ಇವಳನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಮಹಾ ಹಟಮಾರಿ ಹೆಣ್ಣು, ಬಾಯಿ ಬಹಳ ಕೆಟ್ಟದ್ದು, ಬಾಡಿಗೆಯಲ್ಲಿ ಒಂದು ರೂಪಾಯಿ ಬಿಡುವವಳಲ್ಲ. ಮೇಲಾಗಿ ನಾಳೆ ಮಾಡುತ್ತೇನೆ ಎಂದು ಮುಂದೆ ಹಾಕುವ ಚಟ ಬೇರೆ. ಸ್ಟೇರಿಂಗ್ ಆಯಿಲಿನ ಪೈಪು ಜಿನುಗುತ್ತಿದ್ದುದು, ತಿರುಗಿಸಿದಾಗ ಗಾಡಿ ನರಳುತ್ತಿದ್ದುದು ಅವಳಿಗೆ ಹದಿನೈದು ದಿನದಿಂದ ಗೊತ್ತಿತ್ತು. ಹಾಕಬೇಕು, ಹಾಕಬೇಕು ಎಂದು ಮನೆಯಲ್ಲಿ ಗೊಣಗುತ್ತಲೇ ಇದ್ದಳು. ಹಾಕಿರಲಿಲ್ಲ.

ಎಳ್ಳಮಾವಾಸ್ಯೆ ಆಗಿ ಎರಡು ದಿನವಾಗಿತ್ತು. ಹಬ್ಬದ ದಿನ ಅದೇ ಗಾಡಿಯಲ್ಲಿ ಮನೆಮಂದಿ ಹೊಲಕ್ಕೆ ಹೋಗಿ, ಪೈರಿಗೆ ಚರಗದ ಎಡೆ ಚೆಲ್ಲಿ, ಉಂಡು ಬಂದಿದ್ದರು. ಆಮೇಲೆ ಗಾಡಿ ಅಂಗಳ ಬಿಟ್ಟಿರಲಿಲ್ಲ. ಮೂರನೆಯ ಬೆಳಿಗ್ಗೆ, ಚಳಿಗೆ ಹೆಂಗಸರು ಸೆರಗು ಕಿವಿಗೆ ಸುತ್ತಿಕೊಂಡು ಹತ್ತಿ ಕುಳಿತರು. ಮುಂದೆ ರೇಣುಕವ್ವ ಮತ್ತು ನಮ್ಮ ಸಂಘಟನೆಯ ಹುಡುಗ ಮಹಾದೇವ. ಹಿಂದೆ ಶಮಶಾದಬಿ ಮತ್ತು ಓಣಿಯ ಉಳಿದ ಹೆಣ್ಣುಮಕ್ಕಳು, ಬಾಗಿಲಿಗೆ ಅಂಟಿಕೊಂಡು ನಾನು.

ಊರ ಅಗಸಿ ಬಾಗಿಲು ದಾಟಿ ಮೊದಲ ತಿರುವಿಗೇ ಗಾಡಿ ಕೂಗಿತು. ನರಳಿದ್ದಲ್ಲ, ಹಂದಿ ಹಿಡಿದಾಗ ಬರುವಂಥ ಕೂಗು. ನೀಲಗಂಗವ್ವ ಎರಡೂ ಕೈಯಿಂದ ಜಗ್ಗಿ ತಿರುಗಿಸಿ, ಪಕ್ಕಕ್ಕೆ ನಿಲ್ಲಿಸಿ, ಇಳಿದು ಬಾನೆಟ್ ಎತ್ತಿದಳು. ಸ್ಟೇರಿಂಗ್ ಆಯಿಲಿನ ಡಬ್ಬಿ ತೆರೆದು ನೋಡಿದಳು. ತಳಕ್ಕೆ ಇಳಿದಿರಬೇಕಾದ ಎಣ್ಣೆ ಕಂಠದವರೆಗೆ ಬಂದಿತ್ತು. ಅದೂ ಎಂದಿನಂತೆ ಕೆಂಪಗಿರಲಿಲ್ಲ. ಹಾಲಿಗೆ ಅರಿಷಿಣ ಕದಡಿದಂತೆ ತಿಳಿಹಳದಿ ನೊರೆ.

ಮಹಾದೇವ ಇಣುಕಿ ನೋಡಿದ. ಅವನಿಗೆ ಅಷ್ಟೇ ಸಾಕಾಯಿತು. ಹಿಂದಿನ ವಾರ ಕ್ರಷರ್ ಮಾಲೀಕ ಇವರ ಮನೆಗೆ ಬಂದು ರೇಣುಕವ್ವನ ಕೈಯ ಚಹಾ ಕುಡಿದು ಹೋದದ್ದನ್ನು ಊರೆಲ್ಲ ನೋಡಿತ್ತು. ಗಾಡಿ ಕೊಡಬೇಡಿ ಎಂದು ಹೇಳಲು ಬಂದಿದ್ದ. ಚನ್ನಬಸವಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆಗ ಅಂಗಳದಲ್ಲಿ ಓಡಾಡಿದ ಮಾಲೀಕನ ಆಳುಗಳೇ ಏನೋ ಸುರಿದಿದ್ದಾರೆ ಎಂದು ಮಹಾದೇವ ತೀರ್ಮಾನ ಕೊಟ್ಟುಬಿಟ್ಟ. ಹಿಂದೆ ಕೂತವರ ನಡುವೆ ಅದು ಬೆಂಕಿಯಂತೆ ಹಬ್ಬಿತು. ರೇಣುಕವ್ವ ಮಾತ್ರ ತುಟಿ ಬಿಚ್ಚಲಿಲ್ಲ. ಚಹಾದ ಮಾತು ಬಂದದ್ದಕ್ಕೆ ಅವಮಾನವಾಗಿದೆ ಎಂದುಕೊಂಡೆ.

ಹಿಂದಕ್ಕೆ ಹೋದರೆ ಆ ದಿನ ಮುಗಿದಂತೆ. ಮುಂದೆ ಶಿರಹಟ್ಟಿಯಲ್ಲಿ ಇಸ್ಮಾಯಿಲಸಾಬನ ಗ್ಯಾರೇಜು ಇದೆ. ನೀಲಗಂಗವ್ವ ಯಾರನ್ನೂ ಕೇಳದೆ ಗಾಡಿ ಎಬ್ಬಿಸಿದಳು.

 ನೇರ ಇರುವಲ್ಲಿ ಗಾಡಿ ಸರಿಯಾಗಿಯೇ ಹೋಗುತ್ತಿತ್ತು. ತಿರುವು ಬಂದರೆ ಸ್ಟೇರಿಂಗ್ ಚಕ್ರ ಕಲ್ಲಾಗುತ್ತಿತ್ತು. ಅವಳು ಸೀಟಿನಿಂದ ಅರ್ಧ ಎದ್ದು, ಮೈಭಾರವೆಲ್ಲ ಹಾಕಿ ಎಳೆಯುತ್ತಿದ್ದಳು. ಬಳೆ ಸ್ಟೇರಿಂಗಿಗೆ ಬಡಿಯುವ ಸದ್ದು ಹಿಂದಿನವರೆಗೆ ಕೇಳುತ್ತಿತ್ತು. ಒಂದು ಹಳ್ಳದ ತಿರುವಿನಲ್ಲಿ ಎದುರಿಗೆ ಹತ್ತಿಯ ಅಂಡಿಗೆ, ಅಂದರೆ ದೊಡ್ಡ ಮೂಟೆ, ಹೇರಿದ ಲಾರಿ ಬಂತು. ಎರಡೂ ಕಡೆ ಅಂಡಿಗೆ ಚಾಚಿಕೊಂಡಿದ್ದವು, ರಸ್ತೆಯಲ್ಲಿ ಉಳಿದದ್ದು ಹೆಚ್ಚೆಂದರೆ ಒಂದು ಎತ್ತಿನ ಬಂಡಿಯಷ್ಟು ಜಾಗ. ಅವಳು ಎಡಕ್ಕೆ ಎಳೆದಳು. ಗಾಡಿ ತಿರುಗಲಿಲ್ಲ. ಬ್ರೇಕು ತುಳಿದು, ಮತ್ತೆ ಎಳೆದಳು. ಲಾರಿಯ ಅಂಡಿಗೆ ನಮ್ಮ ಕನ್ನಡಿಯನ್ನು ಒರೆಸಿಕೊಂಡು, ಬಿಳಿ ಅರಳೆ ಉದುರಿಸಿ ಹೋಯಿತು. ಎಡಗಾಲಿ ಹಳ್ಳದ ಅಂಚಿನ ಮಣ್ಣಿನಲ್ಲಿ ನಿಂತಿತ್ತು.  ಶಮಶಾದಬಿ, ಆಕೆ ಯಾವ ಹೊತ್ತಿನಲ್ಲೂ ಬಾಯಿ ಮುಚ್ಚುವವಳಲ್ಲ, ತಣ್ಣಗೆ ಹೇಳಿದಳು.

“ಕ್ರಷರ್‌ನಾವ ನಮಗ ಕಲ್ಲ ಒಗೀತಾನಂತ ತಕರಾರ ಹೇಳಾಕ ಹೊಂಟೀವಿ. ನೀ ಇಲ್ಲೇ ಹಳ್ಳಕ್ಕ ಒಗದ್ರ ಯಾರ ಮುಂದ ಹೇಳೂಣವಾ?”

ನೀಲಗಂಗವ್ವ ಗಾಡಿಯನ್ನು ಹಿಂದಕ್ಕೆ ತೆಗೆದು, ಮತ್ತೆ ಹೊರಟಳು.

ಶಿರಹಟ್ಟಿಯ ಬಸ್ ಸ್ಟ್ಯಾಂಡು ಬಣಗುಟ್ಟುತ್ತಿತ್ತು. ಇಸ್ಮಾಯಿಲಸಾಬ ಆಗತಾನೆ ಗ್ಯಾರೇಜಿನ ಮುಂದೆ ನೀರು ಚಿಮುಕಿಸಿ ಕಸ ಗುಡಿಸುತ್ತಿದ್ದ. ಗಾಡಿ ಬರುವ ಸದ್ದಿಗೇ ಕಸಬರಿಗೆ ಗೋಡೆಗೆ ಒರಗಿಸಿದ. ಡಬ್ಬಿಯೊಳಗೆ ಬೆರಳು ಅದ್ದಿ ಮೂಸಿದ, ಎರಡು ಬೆರಳ ನಡುವೆ ತಿಕ್ಕಿದ, ಒಂದಿಷ್ಟು ಹೀರಿ ತೆಗೆದು ಖಾಲಿ ನೀರಿನ ಬಾಟಲಿಗೆ ಬಿಟ್ಟು ಕಟ್ಟೆಯ ಮೇಲಿಟ್ಟ. ನೊರೆ ಇಳಿದ ಹಾಗೆ ಬಾಟಲಿಯಲ್ಲಿ ಎರಡು ಪದರ ಕಂಡವು. ಮೇಲೆ ತೆಳು ಕೆಂಪು. ಕೆಳಗೆ ಮಂದ ಹಳದಿ.

ಮಹಾದೇವ ಅಷ್ಟರಲ್ಲಿ ಎದುರಿನ ನಂದೀಶನ ಸ್ಪೇರ್ ಅಂಗಡಿಯ ಬಾಗಿಲು ಬಡಿದು, ಅವನನ್ನು ಹಲ್ಲುಜ್ಜುತ್ತಿದ್ದ ಹಾಗೆಯೇ ಎಳೆತಂದಿದ್ದ. ನಂದೀಶ ಮೂರು ಡಬ್ಬಿ ತಂದು ಬಾನೆಟ್ಟಿನ ಅಂಚಿಗೆ ಸಾಲಾಗಿ ಇಟ್ಟ. ಒಂದು ಬ್ರೇಕ್ ಆಯಿಲು, ಅದೂ ಒಂದು ಆಯಿಲೇ, ಹೊತ್ತಿಗೆ ನಡೆಯುತ್ತದೆ ಎಂದ. ಇನ್ನೊಂದು ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ, ರೈತರು ಇದನ್ನೇ ಹಾಕುತ್ತಾರೆ ಎಂದ. ಮೂರನೆಯದು ಕೆಂಪು, ಎಲ್ಲ ಗಾಡಿಗೂ ನಡೆಯುತ್ತದೆ ಎಂದ. ಅವನ ಮಾತಿನಲ್ಲಿ ನಡೆಯದ್ದು ಯಾವುದೂ ಇರಲಿಲ್ಲ. ಯಾವುದಾದರೂ ಸುರಿಯಿರಿ, ಮೊದಲು ಗದಗ ಮುಟ್ಟೋಣ ಎಂದು ಮಹಾದೇವ ಕೆಂಪು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ.

ಇಸ್ಮಾಯಿಲಸಾಬ ಆ ಕೈ ಹಿಡಿದ.

“ಒಳಗ ಏನೈತಿ ಗೊತ್ತಾಗೂತನಕ ಮ್ಯಾಲ ಏನೂ ಹಾಕಂಗಿಲ್ಲ. ಬ್ರೇಕ್ ಆಯಿಲ್ ಬಿದ್ದಿದ್ರ ಒಳಗಿನ ರಬ್ಬರ್ ಎಲ್ಲಾ ಉಬ್ಬಿ ಹೊಕ್ಕಾವು, ಆ ಗಾಡ್ಯಾಗ ನಾ ಒಂದು ಕೋಳಿನೂ ಕಳಸಂಗಿಲ್ಲ. ಬ್ಯಾರೆ ಎಣ್ಣಿ ಆಗಿದ್ರ ತೊಳದು ಕೊಡ್ತೀನಿ. ಯಾರ ಹಾಕೀರಿ ಹೇಳ್ರಿ. ಬೈಯಂಗಿಲ್ಲ.”

ನೀಲಗಂಗವ್ವ ತಾನು ಹಾಕಿಲ್ಲ ಎಂದಳು. ಮನೆಯಲ್ಲಿ ಬಾನೆಟ್ಟಿಗೆ ಕೈ ಹಚ್ಚುವವರು ತನ್ನನ್ನು ಬಿಟ್ಟರೆ ಯಾರೂ ಇಲ್ಲ ಎಂದಳು. ಅವಳು ಹಾಗೆಂದದ್ದು ಮಹಾದೇವನ ಅನುಮಾನಕ್ಕೆ ಮುದ್ರೆ ಒತ್ತಿದಂತಾಯಿತು. ಅವನು ರಸ್ತೆಗೆ ಹೋಗಿ ನಿಂತ. ಗಾಡಿ ಕೆಡಿಸಿ ಹೆಣ್ಣುಮಕ್ಕಳ ಜೀವ ತೆಗೆಯಲು ನೋಡಿದ್ದಾರೆ, ಇಲ್ಲೇ ಸರ್ಕಲ್ಲಿನಲ್ಲಿ ಕೂರೋಣ, ತಹಸೀಲ್ದಾರರು ಬರಲಿ, ಪೊಲೀಸರು ಬರಲಿ, ಗದಗಿನವರಿಗೂ ಸುದ್ದಿ ಮುಟ್ಟುತ್ತದೆ ಎಂದ. ಹೆಂಗಸರು ಇಳಿಯತೊಡಗಿದರು. ಇಬ್ಬರು ಆಗಲೇ ರಸ್ತೆಯ ನಡುವೆ ಹೋಗಿ ಸೀರೆ ಒಟ್ಟಿಕೊಂಡು ಕುಳಿತುಬಿಟ್ಟರು.

“ಬಸ್ಸಽ ಇಲ್ಲ, ಯಾರನ್ನ ತಡೀತೀಯೋ? ನಾಯಿನ್ನ?” ಶಮಶಾದಬಿ ಕೇಳಿದಳು. ಆದರೂ ಅವಳೂ ಇಳಿದಳು.

ರಸ್ತೆಯಲ್ಲಿ ಕೂರುವ ಸುಖ ನನಗೆ ಗೊತ್ತಿದೆ. ಕೂತ ಕ್ಷಣಕ್ಕೇ ಗೆದ್ದೆವು ಅನಿಸುತ್ತದೆ. ನಾಲ್ಕು ಘೋಷಣೆ ಕೂಗಿದರೆ ಮೈ ಬಿಸಿಯಾಗುತ್ತದೆ. ಅಷ್ಟರಲ್ಲಿ ಅಲ್ಲಿ ಗದಗಿನಲ್ಲಿ ಒಬ್ಬ ಗುಮಾಸ್ತ ಬಾಗಿಲಿಗೆ ಬಂದು ಬೆಳ್ಳಟ್ಟಿಯವರು ಯಾರಾದರೂ ಇದ್ದೀರಾ ಎಂದು ಕೂಗಿ, ಒಳಗೆ ಹೋಗಿ, ಯಾರೂ ಇಲ್ಲ ಎಂದು ಬರೆದಿರುತ್ತಾನೆ. ಹೀಗೆ ಸೋತದ್ದನ್ನು ನಾವು ವರ್ಷಗಟ್ಟಲೆ ಹೋರಾಟ ಎಂದು ಭಾಷಣದಲ್ಲಿ ಹೇಳಿಕೊಂಡು ತಿರುಗುತ್ತೇವೆ. ನಾನು ಮಹಾದೇವನ ತೋಳು ಹಿಡಿದು ಅಷ್ಟನ್ನೇ ಹೇಳಿದೆ. ಹುಡುಗ ಕೊಸರಿಕೊಂಡ. ಮೊದಲು ದ್ರೋಹಿ ಯಾರು ಎಂದು ಗೊತ್ತಾಗಲಿ ಎಂದ.

ಆಗ ಗಾಡಿಯ ಮುಂದಿನ ಬಾಗಿಲು ತೆರೆಯಿತು. ರೇಣುಕವ್ವ ಇಳಿದು ಬಂದು ಬಾಟಲಿಯ ಮುಂದೆ ನಿಂತಳು.

“ತಮ್ಮಾ, ಅದು ಔಡಲೆಣ್ಣಿ. ನಾನಽ ಹಾಕೀನಿ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಚಕ್ಕಡಿ ಇದ್ದ ಕಾಲದಲ್ಲಿ ಎಳ್ಳಮಾವಾಸ್ಯೆಯ ಬುಟ್ಟಿ ಹೇರುವ ಮೊದಲು ಮನೆಯ ಹಿರಿಯರು ಗಾಲಿಯ ಅಚ್ಚಿಗೆ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಹಾಕುತ್ತಿದ್ದರು. ಕೀಲೆಣ್ಣೆ ಎನ್ನುತ್ತೇವೆ. ಕೀಲು ಒಣಗಿದ ಗಾಡಿಯಲ್ಲಿ ಭೂತಾಯಿಗೆ ಚರಗ ಒಯ್ಯಬಾರದು. ಚಕ್ಕಡಿ ಹೋಯಿತು, ಎತ್ತು ಹೋದವು, ಕೀಲೆಣ್ಣೆ ಉಳಿಯಿತು. ಟ್ರ್ಯಾಕ್ಟರಿಗೆ, ಕ್ರೂಸರಿಗೆ ಈಗ ಗಾಲಿಯ ನಟ್ಟಿಗೆ ಒಂದು ಹನಿ ಮುಟ್ಟಿಸಿ ಕೈ ಮುಗಿಯುತ್ತಾರೆ. ರೇಣುಕವ್ವನೂ ಪ್ರತಿ ವರ್ಷ ಅಷ್ಟೇ ಮಾಡುತ್ತಿದ್ದಳು. ಈ ಸಲ ಸೊಸೆ ಎಣ್ಣೆ ಕಡಿಮೆಯಾಗಿದೆ, ಹಾಕಬೇಕು ಎಂದು ದಿನಾ ಗೊಣಗುವುದನ್ನು ಕೇಳಿದ್ದಳು. ರಾತ್ರಿ ಅವಳು ತೋಳು ತಿಕ್ಕಿಕೊಳ್ಳುವುದನ್ನೂ ನೋಡಿದ್ದಳು. ಹಬ್ಬದ ಬೆಳಿಗ್ಗೆ ಗಾಡಿ ತೊಳೆದು ಬಾನೆಟ್ ತೆರೆದಿಟ್ಟಾಗ, ಸೊಸೆ ದಿನಾ ಇಣುಕುವ ಡಬ್ಬಿ ಖಾಲಿ ಕಂಡಿತು. ಗಾಣದಲ್ಲಿ ತೆಗೆಸಿದ ಒಳ್ಳೆಯ ಎಣ್ಣೆ, ತಂಬಿಗೆಯಲ್ಲಿದ್ದದ್ದನ್ನು ಕಂಠದವರೆಗೆ ಸುರಿದಳು. ಹಬ್ಬದ ದಿನ ಬಿಸಿಲಿತ್ತು, ದಾರಿ ಮೂರು ಹೆಜ್ಜೆ, ಗಾಡಿ ತಿರುಗಿತು. ಎರಡು ದಿನ ಚಳಿಗೆ ನಿಂತಾಗ ಅದು ಒಳಗೆ ಮಂದವಾಗಿ ಕೂತುಕೊಂಡಿತು.

ಇಷ್ಟನ್ನು ಅವಳು ತಡೆತಡೆದು ಹೇಳಿದಳು. ಊರ ಹೊರಗೇ ತನಗೆ ಗೊತ್ತಾಗಿತ್ತು ಎಂದೂ ಹೇಳಿದಳು. ಚಹಾದ ಮಾತು ಬಂದ ಮೇಲೆ ಬಾಯಿ ಕಟ್ಟಿಹೋಯಿತು. ಕ್ರಷರಿನವನ ಮಾತು ಕೇಳಿ ಸೊಸೆಯ ಗಾಡಿ ಕೆಡಿಸಿದಳು ಎಂದರೆ ಅಲ್ಲಿ ಸಾಹೇಬರ ಮುಂದೆ ತನ್ನ ತಕರಾರನ್ನು ಯಾರು ನಂಬುತ್ತಾರೆ?

ಮಹಾದೇವನಿಗೆ ಅಲ್ಲಿಗೆ ಸುಮ್ಮನಾಗಲು ಬರಲಿಲ್ಲ.

“ಎಣ್ಣಿ ಹಾಕಿದ್ದು ಚಾ ಕುಡಿಸಿದ ಮ್ಯಾಲನಽ ಹೌದಲ್ಲ, ಆಯಿ?”

ರೇಣುಕವ್ವನ ಮುಖ ಬೂದಿಯಾಯಿತು. ರಸ್ತೆಯಲ್ಲಿ ಕೂತಿದ್ದ ಇಬ್ಬರೂ ಎದ್ದು ನಿಂತರು. ಇನ್ನೊಂದು ಮಾತು ಬಿದ್ದಿದ್ದರೆ ಮುದುಕಿ ಅಲ್ಲಿಂದಲೇ ಊರಿಗೆ ನಡೆದುಬಿಡುತ್ತಿದ್ದಳು, ಅವಳ ಹಿಂದೆ ತಕರಾರೂ ಹೋಗುತ್ತಿತ್ತು.

“ಮಾದೇವ, ನಾಲಿಗಿ ಹಿಡಿ,” ಎಂದಳು ನೀಲಗಂಗವ್ವ. “ಕೀಲೆಣ್ಣಿ ಹಾಕೂದನ್ನ ನಮ್ಮತ್ತಿಗೆ ಕ್ರಷರ್‌ನಾವ ಕಲಿಸಿಲ್ಲ. ನಿಮ್ಮವ್ವನೂ ನಿನ್ನ ಬೈಕಿಗೆ ಹಚ್ಯಾಳ, ಹೋಗಿ ನೋಡು.”

ಆಮೇಲೆ ಅತ್ತೆಯ ಕಡೆ ತಿರುಗಿದಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ.

“ಕುಂಕುಮ ಹಚ್ಚರಿ, ಕಾಯಿ ಒಡೀರಿ. ಇನ್ನಮ್ಯಾಗ ಬಾನೆಟ್ಟಿನೊಳಗ ಕೈ ಹಾಕಿದ್ರ ಸುಮ್ಕಿರಂಗಿಲ್ಲ ನಾ. ಈಗ ಹೋಗಿ ಕಟ್ಟಿ ಮ್ಯಾಲ ಕುಂಡ್ರಿ. ಮಾತಾಡಾವ್ರು ನೀವಽ ಅದೀರಿ, ಗಂಟಲಾ ಒಣಗಿಸ್ಕೋಬ್ಯಾಡ್ರಿ.”

ಇಸ್ಮಾಯಿಲಸಾಬ ಅಷ್ಟೊತ್ತಿಗೆ ಜಾಕಿ ಹಚ್ಚಿ ಮುಂದಿನ ಗಾಲಿ ಎತ್ತಿಬಿಟ್ಟಿದ್ದ. ಔಡಲೆಣ್ಣೆ ರಬ್ಬರನ್ನು ಅಷ್ಟು ಬೇಗ ತಿನ್ನುವುದಿಲ್ಲ, ಆದರೆ ಅದು ಕೆಂಪು ಆಯಿಲಿನ ಜೊತೆ ಕೂಡುವುದೂ ಇಲ್ಲ. ಇದ್ದುದೆಲ್ಲ ಹೊರಗೆ ಬರಬೇಕು ಎಂದ. ತೊಂದರೆ ಎಂದರೆ ಈ ಗಾಡಿಗೆ ಹೊಂದುವ ಆಯಿಲು ಅವನ ಹತ್ತಿರ ಒಂದೇ ಡಬ್ಬಿ ಇತ್ತು. ತುಂಬಲು ಸಾಕು, ತೊಳೆಯಲು ಸಾಲದು. ತೊಳೆಯಲು ಡೀಸೆಲ್ ಹಾಕಿ ಎಂದ ನಂದೀಶ. ಇಸ್ಮಾಯಿಲಸಾಬ ಅವನ ಕಡೆ ನೋಡಲೂ ಇಲ್ಲ.

ನೀಲಗಂಗವ್ವ ಸ್ಟೇರಿಂಗ್ ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸಿದಳು. ಅದರ ಮೇಲೆ ಯಾವ ಆಯಿಲು ಹಾಕಬೇಕೆಂದು ಇಂಗ್ಲಿಷಿನಲ್ಲಿ ಕೆತ್ತಿರುತ್ತದೆ. ಮುಚ್ಚಳವನ್ನು ನಂದೀಶನ ಕೆಂಪು ಡಬ್ಬಿಯ ಪಕ್ಕ ಹಿಡಿದು ಒಂದೊಂದೇ ಅಕ್ಷರ ಹೋಲಿಸಿದಳು. ಹೆಸರು ಒಂದೇ, ಕೊನೆಯ ಅಂಕಿ ಬೇರೆ. ಹಳೆಯ ದರ್ಜೆಯದು. ಇದನ್ನೇ ತುಂಬಿಕೊಂಡು ಈಗಿಂದೀಗ ಹೊರಟುಬಿಡಬಹುದಿತ್ತು. ಮಹಾದೇವ ಕೈಗಡಿಯಾರ ತೋರಿಸಿ ಅದನ್ನೇ ಹೇಳುತ್ತಿದ್ದ. ಅವಳು ಕೆಂಪು ಡಬ್ಬಿ ತೋರಿಸಿ, ತೊಳೆಯುವುದಕ್ಕೆ ಇದು ಆದೀತೇ ಎಂದು ಇಸ್ಮಾಯಿಲಸಾಬನನ್ನು ಕೇಳಿದಳು. ಹತ್ತು ನಿಮಿಷ ಒಳಗಿದ್ದು ಹೊರಗೆ ಬರುವುದಕ್ಕೆ ಆಗುತ್ತದೆ, ಮನೆ ಮಾಡಿಕೊಂಡಿರುವುದಕ್ಕೆ ಆಗುವುದಿಲ್ಲ ಎಂದ. ಹಾಗಾದರೆ ಇದರಲ್ಲಿ ತೊಳೆ, ನಿನ್ನ ಡಬ್ಬಿಯದನ್ನು ತುಂಬು ಎಂದು ಹೇಳಿ ಸೀಟಿಗೆ ಹತ್ತಿದಳು.

ಎಣ್ಣೆ ಡಬ್ಬಿಗೆ ಮರಳಿ ಬರುವ ಪೈಪು ಬಿಚ್ಚಿ ಬಕೇಟಿಗೆ ಬಿಟ್ಟರು. ಅವಳು ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತ, ಇಸ್ಮಾಯಿಲಸಾಬ ಕೈ ಎತ್ತಿದಾಗ ಇಂಜಿನ್ ಒಂದು ಉಸಿರು ಚಾಲೂ ಮಾಡಿ ನಿಲ್ಲಿಸುತ್ತ ಹೋದಳು. ಮಹಾದೇವ ಮೇಲಿನಿಂದ ಕೆಂಪು ಸುರಿದ. ಡಬ್ಬಿ ಒಣಗಿದರೆ ಪಂಪು ಸುಡುತ್ತದೆ, ಕಣ್ಣು ತೆಗೆಯಬೇಡ ಎಂದು ಹೇಳಿಸಿಕೊಂಡು ಉಸಿರು ಬಿಗಿಹಿಡಿದು ಸುರಿದ. ಬಕೇಟಿಗೆ ಮೊದಲು ಮೊಸರಿನಂಥದ್ದು ಗುಳುಗುಳು ಬಿತ್ತು. ಆಮೇಲೆ ಹಳದಿ ಎಳೆ. ಆಮೇಲೆ ಗುಲಾಬಿ. ಹೆಂಗಸರು ಸುತ್ತ ನಿಂತು ಹೆರಿಗೆ ನೋಡುವವರಂತೆ ನೋಡಿದರು. ನಂದೀಶನ ಡಬ್ಬಿ ಮುಗಿದಾಗಲೂ ಗುಲಾಬಿಯೇ ಬರುತ್ತಿತ್ತು. ಪೂರಾ ಕೆಂಪಾಗಲಿಲ್ಲ.

ಇನ್ನೊಂದು ಡಬ್ಬಿ ನಂದೀಶನ ಹತ್ತಿರ ಇರಲಿಲ್ಲ. ಒಂದಿಷ್ಟು ಒಳಗೆ ಉಳಿದಿದೆ, ಚಳಿಗೆ ಅದು ಮತ್ತೆ ಹಿಡಿಯಬಹುದು, ಪಂಪು ಬಿಸಿ ಇರುವತನಕ ನಡೆಯುತ್ತದೆ ಎಂದು ಇಸ್ಮಾಯಿಲಸಾಬ ಮುಚ್ಚುಮರೆಯಿಲ್ಲದೆ ಹೇಳಿದ. ಪೈಪು ಕೂಡಿಸಿ, ಹೊಸ ಕ್ಲಿಪ್ಪು ಬಿಗಿದು, ಸರಿಯಾದ ಆಯಿಲು ತುಂಬಿದ. ಗುಳ್ಳೆ ಏಳುತ್ತಿದ್ದವು. ಗುಳ್ಳೆ ಇಳಿಯುವತನಕ ಕೀಲಿ ಕೊಡುವುದಿಲ್ಲ ಎಂದು ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡ. ನೀಲಗಂಗವ್ವ ಅವನಿಗೆ ಬೈದಳು, ಅವನ ಗ್ಯಾರೇಜಿಗೂ ಬೈದಳು. ಅವನು ಬೀಡಿ ಹಚ್ಚಿಕೊಂಡು ಡಬ್ಬಿಯನ್ನೇ ನೋಡುತ್ತ ನಿಂತ. ಆ ಗುಳ್ಳೆ ಒಡೆಯುವುದನ್ನು ಕಾದಷ್ಟು ನಾನು ಯಾವ ಮಂತ್ರಿಯನ್ನೂ ಕಾದಿಲ್ಲ.

ಹೊರಟಾಗ ಹತ್ತು ದಾಟಿತ್ತು. ಗಾಡಿ ಕೂಗಲಿಲ್ಲ. ತಿರುವಿನಲ್ಲಿ ಸಣ್ಣಗೆ ಮುಲುಕುತ್ತಿತ್ತು, ಅಷ್ಟೆ. ನೀಲಗಂಗವ್ವ ಎಲ್ಲಿಯೂ ನಿಲ್ಲಿಸಲಿಲ್ಲ, ನೀರಿಗೂ ಇಳಿಸಲಿಲ್ಲ. ಮಲ್ಲಸಮುದ್ರದ ಹತ್ತಿರ ರಸ್ತೆ ಅಗೆದು ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅವಳು ಸಾಲು ಬಿಟ್ಟು ಮಣ್ಣಿಗೆ ಇಳಿಸಿದಳು. ಆ ಮೆತ್ತನೆಯ ಮಣ್ಣಿನಲ್ಲಿ ಚಕ್ರ ಮತ್ತೆ ಬಿಗಿಯಿತು. ಮಹಾದೇವ ಪಕ್ಕದಿಂದ ಕೈ ಹಾಕಲು ಹೋದ, ಮೊಣಕೈಯಿಂದ ತಿವಿಸಿಕೊಂಡ. ಅವಳೇ ಎಳೆದಳು. ಅಗೆದ ರಸ್ತೆ ದಾಟುವಷ್ಟರಲ್ಲಿ ಅವಳ ಒಂದು ಬಳೆ ಒಡೆದು ಮುಂಗೈಯಲ್ಲಿ ರಕ್ತ ಇಳಿಯುತ್ತಿತ್ತು.

ನಾವು ಕಚೇರಿಯ ಮೆಟ್ಟಿಲು ಏರುವಾಗ ಬೇರೊಂದು ಊರಿನವರ ತಕರಾರು ಮುಗಿದು ಅವರು ಹೊರಗೆ ಬರುತ್ತಿದ್ದರು. ಬೆಳ್ಳಟ್ಟಿ ಎಂದು ಎರಡು ಸಲ ಕೂಗಿ ಆಗಿದೆ, ಇದು ಕೊನೆಯದು ಎಂದು ಬಾಗಿಲಿನವನು ಹೇಳಿದ. ಒಳಗೆ ಕ್ರಷರ್ ಮಾಲೀಕ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ರೇಣುಕವ್ವನನ್ನು ನೋಡಿ ಮನೆಯವರನ್ನು ಕಂಡಂತೆ ನಕ್ಕು ಕೈ ಮುಗಿದ. ಅವಳು ತಿರುಗಿ ಮುಗಿಯಲಿಲ್ಲ. ಸಾಹೇಬರು ಹೆಸರು ಕೇಳಿದರು, ಹೇಳಿದಳು. ಏನಮ್ಮ ನಿಮ್ಮ ತಕರಾರು ಎಂದರು. ನಾವು ನಾಲ್ಕು ದಿನ ಕೂತು ಕಲಿಸಿದ್ದ ಧೂಳು, ಅಂತರ್ಜಲ, ನಿಯಮ, ಕಲಂ ಯಾವುದೂ ಅವಳ ಬಾಯಿಂದ ಬರಲಿಲ್ಲ.

“ಗುಡ್ಡಕ್ಕ ಹತ್ತಿದ ಹೊಲಾ ನಂದು. ಮದ್ದ ಹಾರಿಸಿದ್ರ ಕಲ್ಲ ನನ್ನ ಹೊಲದಾಗ ಬೀಳ್ತಾವು. ನನಗ ಬ್ಯಾಡ. ಬರಕೋರಿ.”

ಬರೆದುಕೊಂಡರು. ಹೆಬ್ಬೆಟ್ಟು ಒತ್ತಿಸಿಕೊಂಡರು. ಉಳಿದ ಹೆಂಗಸರದನ್ನೂ ಒಬ್ಬೊಬ್ಬರದೇ ಬರೆದುಕೊಂಡರು. ಇದನ್ನು ಗೆಲುವು ಎಂದು ಯಾರಾದರೂ ಕರೆದರೆ ಅವರಿಗೆ ಕಚೇರಿಗಳ ಪರಿಚಯ ಇಲ್ಲ ಎಂದರ್ಥ. ತಕರಾರು ಇಲ್ಲ ಎಂದು ಬರೆಯುವುದು ತಪ್ಪಿತು, ಇಷ್ಟೇ ಆದದ್ದು. ಅರ್ಜಿ ಇನ್ನೂ ತಿರಸ್ಕಾರವಾಗಿಲ್ಲ. ಸ್ಥಳ ಪರಿಶೀಲನೆ ಎಂದಿದ್ದಾರೆ. ಯಾವಾಗ ಎಂದು ಹೇಳಿಲ್ಲ.

ನಾನು ಮೊದಲು ಹೊರಗೆ ಬಂದೆ. ನೀಲಗಂಗವ್ವ ಇಂಜಿನ್ ನಿಲ್ಲಿಸಿರಲಿಲ್ಲ. ಗಾಡಿಯ ಪಕ್ಕದಲ್ಲಿ ನಿಂತು ಮುಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಒಳಗೆ ಬರಲಿಲ್ಲವಲ್ಲ, ನಿನ್ನ ಹೆಸರೂ ಬರೆಸಬಹುದಿತ್ತು ಎಂದೆ. ಅವಳು ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಗಿದಳು.

“ಅತ್ತೀದು ಬರಕೊಂಡ್ರೇನ್ರಿ?”

“ಬರಕೊಂಡ್ರು.”

“ಆತು. ಎಲ್ಲಾರ್ನೂ ಜಲ್ದಿ ಕರೀರಿ. ಚಾ ಗೀ ಏನೂ ಬ್ಯಾಡ. ತಣ್ಣಗಾತಂದ್ರ ಮತ್ತ ತಿರಗಂಗಿಲ್ಲ ಇದು.”

ಶಮಶಾದಬಿಗೆ ಬೆಟಗೇರಿಯಲ್ಲಿ ತಂಗಿಯ ಮನೆಗೆ ಹೋಗಿ ಬರುವ ಆಸೆ ಇತ್ತು, ಗೊಣಗುತ್ತ ಹತ್ತಿದಳು. ರೇಣುಕವ್ವ ಮುಂದೆ, ಬಂದಾಗ ಕೂತಿದ್ದ ಜಾಗದಲ್ಲೇ ಕೂತಳು.  ಶಿರಹಟ್ಟಿ ದಾಟಿದ ಮೇಲೆ ತಿರುವು ಬಂದಾಗಲೆಲ್ಲ ಅವಳು ಮುಂದಿನ ಹಿಡಿಕೆ ಗಟ್ಟಿಯಾಗಿ ಹಿಡಿದು, ಸೊಸೆ ಎಳೆದ ಕಡೆಗೇ ತಾನೂ ಮೈ ವಾಲಿಸುತ್ತಿದ್ದಳು.